ಕೀಟದ ಮಿದುಳು, ಮನುಷ್ಯನ ಮಾತು

ಮಾತು ಬಾರದ ಜೀವಿಯ ಅಂತರಂಗವನ್ನು ಕುರಿತು ಮಾತನಾಡುವವನಿಗೆ ಎರಡು ಬಗೆಯ ತಪ್ಪುಗಳು ಸುಲಭ. ತನ್ನ ಸುಖದುಃಖಗಳನ್ನೇ ಅದರ ಮೇಲೆ ಆರೋಪಿಸಿ, ಇರುವೆಗೂ ತನ್ನಂತೆಯೇ ನಾಳಿನ ಚಿಂತೆಯಿದೆಯೆಂದು ಕಥೆ ಕಟ್ಟುವುದು ಒಂದು. ಅದರೊಳಗೆ ಏನೂ ಇಲ್ಲ, ಕೀಲಿ ಕೊಟ್ಟ ಗೊಂಬೆಯಂತೆ ಅದು ಚಲಿಸುತ್ತದೆ ಎಂದು ಕೈತೊಳೆದುಕೊಳ್ಳುವುದು ಇನ್ನೊಂದು. ಮೊದಲನೆಯದರಿಂದ ಸತ್ಯಕ್ಕೆ ಅಪಚಾರ, ಎರಡನೆಯದರಿಂದ ಕರುಣೆಗೆ.

ಈ ಹಳೆಯ ಇಕ್ಕಟ್ಟು ಕೀಟಗಳ ಮಿದುಳಿನ ರಾಸಾಯನಿಕಗಳ ಅಧ್ಯಯನದಿಂದ ಹೊಸ ರೂಪ ತಾಳಿದೆ. ಜೇನುನೊಣವನ್ನು ಅಲುಗಾಡಿಸಿದರೆ ಅದರ ರಕ್ತದಲ್ಲಿ ಕೆಲವು ದ್ರವ್ಯಗಳು ಇಳಿಯುತ್ತವೆ. ದುಂಬಿಗೆ ಅನಿರೀಕ್ಷಿತವಾಗಿ ಒಂದು ತೊಟ್ಟು ಸಿಹಿ ಕೊಟ್ಟರೆ ಅದರ ನಡೆ ಚುರುಕಾಗುತ್ತದೆ. ಇವನ್ನು ಏನೆಂದು ಕರೆಯಬೇಕು? 2011 ಮತ್ತು 2016ರಲ್ಲಿ ಪ್ರಕಟವಾದ ಎರಡು ಸಂಶೋಧನ ಪ್ರಬಂಧಗಳೂ, ಅಂಥ ಸಂಶೋಧನೆಗಳನ್ನು ಸಾಮಾನ್ಯ ಓದುಗರ ಬಳಿಗೆ ತಂದ ಲಾರ್ಸ್ ಚಿಟ್ಕಾ ಅವರ ‘ದಿ ಮೈಂಡ್ ಆಫ್ ಎ ಬೀ’ ಎಂಬ ಗ್ರಂಥವೂ (2022) ಈ ಪ್ರಶ್ನೆಗೆ ಕೊಟ್ಟಿರುವ ಉತ್ತರ ವಿಮರ್ಶೆಗೆ ಅರ್ಹವಾಗಿದೆ. ಅಹಿಂಸೆಯನ್ನು ನಿತ್ಯದ ನಡೆಯಲ್ಲಿ ಪಾಲಿಸಬಯಸುವ ಕುಟುಂಬಗಳಿಗೆ ಇದು ದೂರದ ವಿದ್ವತ್ ಚರ್ಚೆಯಲ್ಲ.

ಮಿದುಳಿನಿಂದ ಹೊರಡುವ ಆಜ್ಞೆ

ಕೀಟದ ಮಿದುಳು ದೇಹವನ್ನು ರಾಸಾಯನಿಕಗಳ ಮೂಲಕವೂ ಆಳುತ್ತದೆ ಎಂಬುದಕ್ಕೆ ಮೊದಲ ಸಾಕ್ಷ್ಯ ದೊರೆತು ನೂರು ವರ್ಷ ಕಳೆದಿದೆ. ಪೋಲೆಂಡಿನ ವಿಜ್ಞಾನಿ ಸ್ಟೆಫಾನ್ ಕೊಪೆಚ್ 1922ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯ ಒಂದು ಜಾತಿಯ ಪತಂಗದ ಕಂಬಳಿಹುಳು. ಬೆಳವಣಿಗೆಯ ಒಂದು ನಿರ್ದಿಷ್ಟ ಹಂತಕ್ಕೆ ಮೊದಲು ಅದರ ಮಿದುಳನ್ನು ತೆಗೆದರೆ ಹುಳು ಕೋಶಾವಸ್ಥೆಗೆ ಹೋಗುವುದಿಲ್ಲ. ಆ ಹಂತ ಕಳೆದ ಮೇಲೆ ತೆಗೆದರೆ ಹೋಗುತ್ತದೆ. ಮಿದುಳನ್ನು ಉಳಿಸಿ ನರತಂತುವನ್ನು ಮಾತ್ರ ಕತ್ತರಿಸಿದಾಗ ರೂಪಾಂತರ ನಿಲ್ಲಲಿಲ್ಲ. ಆಜ್ಞೆ ನರದ ಹಾದಿ ಬಿಟ್ಟು ರಕ್ತದಲ್ಲಿ ಬೆರೆತು ಸಾಗುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು.

ಈ ಆಜ್ಞೆಯ ಸರಪಳಿ ಮುಂದೆ ರೇಷ್ಮೆಹುಳುವಿನಲ್ಲಿ ಬಿಡಿಬಿಡಿಯಾಗಿ ಸ್ಪಷ್ಟವಾಯಿತು. ಮಿದುಳಿನ ಕೆಲವೇ ನರಕೋಶಗಳು ಒಂದು ದ್ರವ್ಯವನ್ನು ಸ್ರವಿಸುತ್ತವೆ. ಅದು ಎದೆಯ ಭಾಗದಲ್ಲಿರುವ ಗ್ರಂಥಿಗಳನ್ನು ತಲಪುತ್ತದೆ. ಆ ಗ್ರಂಥಿಗಳು ಎಕ್ಡಿಸೋನ್ ಎಂಬ ಹಾರ್ಮೋನನ್ನು ಬಿಡುತ್ತವೆ. ಹುಳು ಹೊರೆ ಕಳಚುತ್ತದೆ, ಕಾಲ ಬಂದಾಗ ಗೂಡು ಕಟ್ಟಿ ಕೋಶವಾಗುತ್ತದೆ. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಎಕ್ಡಿಸೋನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. 500 ಕಿಲೋಗ್ರಾಂ ರೇಷ್ಮೆಕೋಶಗಳಿಂದ ದೊರೆತದ್ದು 25 ಮಿಲಿಗ್ರಾಂ. ಜ್ಞಾನಕ್ಕೆ ಜೀವಗಳು ತೆತ್ತ ಬೆಲೆಯ ಅಂದಾಜು ಈ ಎರಡು ಅಂಕಿಗಳಲ್ಲಿಯೇ ಇದೆ.

ಹಾರ್ಮೋನುಗಳು ನಿಧಾನವಾಗಿ ದೇಹವನ್ನು ಬದಲಿಸಿದರೆ, ನರಕೋಶಗಳ ನಡುವೆ ಸಂದೇಶ ಒಯ್ಯುವ ದ್ರವ್ಯಗಳು ಕ್ಷಣಮಾತ್ರದಲ್ಲಿ ನಡೆಯನ್ನು ತಿದ್ದುತ್ತವೆ. ಡೋಪಮೈನ್, ಸೆರೊಟೋನಿನ್ ಎಂಬ ಹೆಸರುಗಳು ವೈದ್ಯರ ಬಾಯಲ್ಲಿ ಕೇಳಿದವೇ ಆಗಿವೆ. ಮನುಷ್ಯನ ಮಿದುಳಿನಲ್ಲಿಯೂ ಕೀಟದ ಮಿದುಳಿನಲ್ಲಿಯೂ ಅವು ಒಂದೇ ಅಣುಗಳು. ಕೀಟಗಳಲ್ಲಿ ಇವುಗಳ ಜೊತೆಗೆ ಆಕ್ಟೋಪಮೈನ್ ಎಂಬ ಇನ್ನೊಂದು ಪ್ರಮುಖವಾಗಿದೆ. ಇಟಲಿಯ ವಿಟ್ಟೋರಿಯೋ ಎರ್ಸ್‌ಪಮರ್ ಇದನ್ನು ಮೊದಲು ಗುರುತಿಸಿದ್ದು ಆಕ್ಟೋಪಸ್ಸಿನ ಲಾಲಾಗ್ರಂಥಿಯಲ್ಲಿ. ಹೆಸರು ಅಲ್ಲಿಂದಲೇ ಬಂದಿತು. ಮನುಷ್ಯನಲ್ಲಿ ಗಾಬರಿಯ ಹೊತ್ತಿಗೆ ಎದೆಬಡಿತ ಏರಿಸುವ ನಾರ್‌ಅಡ್ರಿನಲಿನ್ ದ್ರವ್ಯಕ್ಕೆ ಇದು ರಚನೆಯಲ್ಲಿಯೂ ಕೆಲಸದಲ್ಲಿಯೂ ಸಮೀಪದ್ದು. ಮಿಡತೆ ಹಾರತೊಡಗಿದ ಮೊದಲ ಕೆಲವು ನಿಮಿಷಗಳಲ್ಲಿ ಅದರ ರಕ್ತದಲ್ಲಿ ಆಕ್ಟೋಪಮೈನ್ ಏರುತ್ತದೆ, ಕೂಡಿಟ್ಟ ಕೊಬ್ಬು ಕರಗಿ ರೆಕ್ಕೆಯ ಸ್ನಾಯುಗಳಿಗೆ ಶಕ್ತಿಯಾಗಿ ಒದಗುತ್ತದೆ. ಮಳೆಗಾಲದ ಆರಂಭದಲ್ಲಿ ಮಲೆನಾಡಿನ ಮರಗಳ ಮೇಲೆ ಮಿಂಚುಹುಳುಗಳು ಒಮ್ಮೆ ಹೊತ್ತಿ ಒಮ್ಮೆ ಆರುವಾಗ, ಅವುಗಳ ದೀಪಕ್ಕೆ ನರದಿಂದ ಬರುವ ಸಂಕೇತವೂ ಆಕ್ಟೋಪಮೈನೇ.

ಅತ್ಯಂತ ಬೆರಗುಗೊಳಿಸುವ ಉದಾಹರಣೆ ಮರುಭೂಮಿ ಮಿಡತೆಯದು. ಒಂಟಿಯಾಗಿರುವಾಗ ಈ ಮಿಡತೆ ಅಂಜುಬುರುಕ. ತನ್ನ ಜಾತಿಯ ಇನ್ನೊಂದನ್ನು ಕಂಡರೂ ದೂರ ಸರಿಯುತ್ತದೆ. ಹಸಿರು ಕಡಿಮೆಯಾಗಿ ಉಳಿದ ತುಣುಕಿನಲ್ಲಿ ಎಲ್ಲವೂ ಒತ್ತಾಗಿ ನೆರೆದಾಗ ಎರಡು ಗಂಟೆಗಳೊಳಗೆ ಅದೇ ಮಿಡತೆ ಗುಂಪನ್ನು ಅರಸುವ ಜೀವಿಯಾಗುತ್ತದೆ. ಪ್ರಯೋಗಾಲಯದಲ್ಲಿ ಹಿಂಗಾಲಿನ ತೊಡೆಯನ್ನು ಪದೇ ಪದೇ ಸವರಿದರೂ ಇಷ್ಟೇ ಪರಿಣಾಮ. 2009ರಲ್ಲಿ ಬ್ರಿಟನ್ ಮತ್ತು ಆಸ್ಟ್ರೇಲಿಯದ ಸಂಶೋಧಕರು ಈ ಪರಿವರ್ತನೆಯ ಕೀಲಿ ಸೆರೊಟೋನಿನ್ ಎಂದು ತೋರಿಸಿದರು. ಅದರ ಕೆಲಸವನ್ನು ತಡೆದರೆ ಒತ್ತಾಗಿಟ್ಟರೂ ಮಿಡತೆಗಳು ಗುಂಪುಗೂಡಲಿಲ್ಲ. ಅದನ್ನು ಕೊಟ್ಟರೆ ಒಂಟಿ ಮಿಡತೆಯೂ ಗುಂಪಿನ ಸ್ವಭಾವ ತಾಳಿತು. 2020ರ ಮೇ ತಿಂಗಳಲ್ಲಿ ಜೈಪುರದ ಮನೆಮಾಳಿಗೆಗಳ ಮೇಲೆ ಇಳಿದ ಮಿಡತೆದಂಡಿನ ಹಿಂದೆಯೂ ಎಲ್ಲೋ ಒಂದು ಮರಳುಗಾಡಿನಲ್ಲಿ ನಡೆದ ಇಂಥ ಸೂಕ್ಷ್ಮ ಬದಲಾವಣೆಯಿತ್ತು.

ಇಷ್ಟು ಸಂಗತಿಗಳಲ್ಲಿ ವಿವಾದವಿಲ್ಲ. ವಿವಾದ ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ: ಈ ದ್ರವ್ಯಗಳು ನಡೆಯನ್ನು ಮಾತ್ರ ಬದಲಿಸುತ್ತವೆಯೋ, ಅನುಭವವೆಂಬುದನ್ನೂ ಉಂಟುಮಾಡುತ್ತವೆಯೋ?

ಎರಡು ಪ್ರಬಂಧಗಳು, ಎರಡು ಪದಗಳು

2011ರ ಪ್ರಬಂಧ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಮೆಲಿಸ್ಸಾ ಬೇಟ್ಸನ್, ಜೆರಾಲ್ಡಿನ್ ರೈಟ್ ಮತ್ತು ಸಂಗಡಿಗರದು. ಜೇನುನೊಣಗಳಿಗೆ ಮೊದಲು ಎರಡು ವಾಸನೆಗಳನ್ನು ಕಲಿಸಲಾಯಿತು. ಒಂದು ವಾಸನೆಯ ಜೊತೆ ಸಕ್ಕರೆ ದ್ರಾವಣ, ಇನ್ನೊಂದರ ಜೊತೆ ಕ್ವಿನೈನ್ ಬೆರೆಸಿದ ಕಹಿ. ಸಿಹಿಯ ವಾಸನೆಗೆ ನೊಣ ತನ್ನ ನಾಲಗೆಯನ್ನು ಚಾಚುತ್ತದೆ, ಕಹಿಯ ವಾಸನೆಗೆ ಒಳಗೆಳೆದುಕೊಳ್ಳುತ್ತದೆ. ಬಳಿಕ ಅರ್ಧದಷ್ಟು ನೊಣಗಳನ್ನು ಯಂತ್ರದ ಮೇಲಿಟ್ಟು ಒಂದು ನಿಮಿಷ ಕುಲುಕಲಾಯಿತು. ಕರಡಿಯೋ ಮತ್ತಾವ ಪ್ರಾಣಿಯೋ ಗೂಡನ್ನು ಅಲುಗಿಸಿದಾಗ ಆಗುವ ಅನುಭವಕ್ಕೆ ಇದು ಬದಲಿ. ಅನಂತರ ಎರಡೂ ವಾಸನೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಸಂದಿಗ್ಧವಾದ ವಾಸನೆಗಳನ್ನು ಒಡ್ಡಲಾಯಿತು. ಕುಲುಕಿದ ನೊಣಗಳು ಕಹಿಗೆ ಹತ್ತಿರವಾದ ಸಂದಿಗ್ಧ ವಾಸನೆಗೆ ನಾಲಗೆ ಚಾಚಲು ಹೆಚ್ಚು ಹಿಂಜರಿದವು. ಅವುಗಳ ರಕ್ತದಲ್ಲಿ ಆಕ್ಟೋಪಮೈನ್, ಡೋಪಮೈನ್, ಸೆರೊಟೋನಿನ್ ಮೂರೂ ಕಡಿಮೆಯಾಗಿದ್ದವು.

ಸಂಶೋಧಕರು ಈ ಹಿಂಜರಿಕೆಗೆ ಕೊಟ್ಟ ಹೆಸರು ‘ನಿರಾಶಾವಾದಿ’ ಒಲವು. ಪ್ರಬಂಧದ ಶೀರ್ಷಿಕೆಯಲ್ಲಿಯೇ ಆ ಪದವಿದೆ. ವಿಷಣ್ಣತೆಯಿಂದ ಬಳಲುವ ಮನುಷ್ಯ ಸಂದಿಗ್ಧ ಸನ್ನಿವೇಶದಲ್ಲಿ ಕೇಡನ್ನೇ ಊಹಿಸುತ್ತಾನೆಂಬ ಮನಃಶಾಸ್ತ್ರದ ಪರೀಕ್ಷೆಯಿಂದ ಅದನ್ನು ತಂದದ್ದು. ಪರೀಕ್ಷೆಯ ಚೌಕಟ್ಟು ಒಂದೇ ಆದುದರಿಂದ ಪದ ತರುವುದಕ್ಕೆ ಒಂದು ಸಮರ್ಥನೆಯುಂಟು. ಆದರೂ ನಿರಾಶಾವಾದವೆಂಬುದು ಕನ್ನಡದಲ್ಲಿಯಾಗಲಿ ಇಂಗ್ಲಿಷಿನಲ್ಲಿಯಾಗಲಿ ಬದುಕಿನ ಬಗ್ಗೆ ಒಂದು ನಿಲುವು. ನಾಲಗೆ ಒಳಗೆಳೆದುಕೊಂಡದ್ದನ್ನು ನಿಲುವು ಎನ್ನುವಾಗ ಪದ ಪ್ರಯೋಗವನ್ನು ಮೀರಿ ಮುಂದೆ ಓಡುತ್ತದೆ. ಮೇಲಾಗಿ, ಮೂರು ದ್ರವ್ಯಗಳನ್ನು ಅಳೆದದ್ದು ರಕ್ತದಲ್ಲಿ; ಅವು ಇಳಿದದ್ದರಿಂದಲೇ ಹಿಂಜರಿಕೆ ಹುಟ್ಟಿತೋ, ಎರಡೂ ಜೊತೆಜೊತೆಯಾಗಿ ಕಂಡವೋ ಎಂಬುದನ್ನು ಆ ಅಳತೆಯೊಂದರಿಂದ ಹೇಳಲಾಗದು.

2016ರ ಪ್ರಬಂಧ ಕ್ಲಿಂಟ್ ಪೆರಿ, ಲೂಯಿಜಿ ಬಾಚಡೊನ್ನ ಮತ್ತು ಲಾರ್ಸ್ ಚಿಟ್ಕಾ ಅವರದು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ನಡೆದ ಈ ಕೆಲಸಕ್ಕೆ ಆರಿಸಿಕೊಂಡದ್ದು ಬಂಬಲ್‌ಬೀ ಎಂಬ ಮೈತುಂಬ ರೋಮವಿರುವ ತಂಪುನಾಡಿನ ದುಂಬಿ. ಒಂದು ಬಣ್ಣದ ಗುರುತಿದ್ದಲ್ಲಿ ಸಕ್ಕರೆ ದ್ರಾವಣ, ಇನ್ನೊಂದು ಬಣ್ಣವಿದ್ದಲ್ಲಿ ಬರಿಯ ನೀರು ಎಂದು ದುಂಬಿಗಳು ಕಲಿತವು. ನಡುವಣ ಬಣ್ಣವನ್ನು ತೋರಿಸುವ ಮೊದಲು ಕೆಲವಕ್ಕೆ ಮಾತ್ರ ಗಾಢ ಸಕ್ಕರೆಯ ಒಂದು ಚಿಕ್ಕ ತೊಟ್ಟನ್ನು ಅನಿರೀಕ್ಷಿತವಾಗಿ ಕೊಡಲಾಯಿತು. ತೊಟ್ಟು ಕುಡಿದವು ಸಂದಿಗ್ಧ ಬಣ್ಣದತ್ತ ಬೇಗ ಸಾಗಿದವು. ಇನ್ನೊಂದು ಪ್ರಯೋಗದಲ್ಲಿ, ಹೂವಿನಲ್ಲಿ ಅವಿತ ಜೇಡ ಹಿಡಿದಂತೆ ದುಂಬಿಯನ್ನು ಕ್ಷಣಕಾಲ ಮೆತ್ತಗೆ ಒತ್ತಿ ಬಿಡಲಾಯಿತು. ಸಿಹಿ ಕುಡಿದವು ಬೇಗ ಚೇತರಿಸಿಕೊಂಡು ಮತ್ತೆ ಆಹಾರಕ್ಕೆ ತೆರಳಿದವು. ಡೋಪಮೈನಿನ ಕೆಲಸವನ್ನು ತಡೆಯುವ ಔಷಧವನ್ನು ಲೇಪಿಸಿದಾಗ ಈ ವ್ಯತ್ಯಾಸ ಅಳಿಸಿಹೋಯಿತು.

ಇಲ್ಲಿ ಸಾಕ್ಷ್ಯ ಹೆಚ್ಚು ಗಟ್ಟಿ. ದ್ರವ್ಯವನ್ನು ಅಳೆದು ನಿಲ್ಲದೆ ಅದನ್ನು ತಡೆದು ನೋಡಲಾಗಿದೆ. ಪದಪ್ರಯೋಗವೂ ಹೆಚ್ಚು ಸಂಯಮದ್ದು. ದುಂಬಿಗೆ ಸಂತೋಷವಾಯಿತು ಎಂದು ಪ್ರಬಂಧ ಹೇಳುವುದಿಲ್ಲ; ಅಲ್ಲಿ ಕಾಣುವುದು ‘ಭಾವಸದೃಶ’ ಸ್ಥಿತಿ ಎಂಬ ಅರ್ಥದ ಪದ. ‘ಸದೃಶ’ ಎಂಬ ಆ ಚಿಕ್ಕ ಪ್ರತ್ಯಯ ಇಡೀ ಪ್ರಬಂಧದ ಪ್ರಾಮಾಣಿಕತೆಯನ್ನು ಹೊತ್ತಿದೆ. ಒಂದು ದೃಷ್ಟಿಯಿಂದ ಇದು ಹೀಗಿದೆ, ಉಳಿದ ದೃಷ್ಟಿಗಳ ಬಾಗಿಲು ಮುಚ್ಚಿಲ್ಲ ಎಂದು ಸೂಚಿಸಲು ಜೈನ ತಾರ್ಕಿಕರು ‘ಸ್ಯಾತ್’ ಪದವನ್ನು ವಾಕ್ಯದ ತಲೆಯಲ್ಲಿಟ್ಟರು. ಅದನ್ನು ಬಲ್ಲ ಓದುಗರಿಗೆ ಈ ಎಚ್ಚರಿಕೆಯ ಬೆಲೆ ಬೇಗ ತಿಳಿಯುತ್ತದೆ. ಪತ್ರಿಕೆಗಳು ಈ ಸಂಶೋಧನೆಯನ್ನು ವರದಿ ಮಾಡಿದಾಗ ಮೊದಲು ಬಿದ್ದುಹೋದದ್ದೂ ಇದೇ ಪ್ರತ್ಯಯ. ದುಂಬಿಗಳು ಸುಖಿಗಳು ಎಂಬ ತಲೆಬರಹಕ್ಕೆ ಅದು ಅಡ್ಡಿಯಾಗುತ್ತದೆ.

ಚಿಟ್ಕಾ ಅವರ ಗ್ರಂಥ

‘ದಿ ಮೈಂಡ್ ಆಫ್ ಎ ಬೀ’ ಈ ಸಂಯಮವನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. ಜೇನು ಕಾಣುವ ಬಣ್ಣಗಳಿಂದ ತೊಡಗಿ, ಅದರ ವಾಸನೆ, ದಾರಿಯ ನೆನಪು, ಹೂವಿನ ಆಯ್ಕೆ, ಮಿದುಳಿನ ರಚನೆ, ಒಂದೊಂದು ನೊಣದ ಪ್ರತ್ಯೇಕ ಸ್ವಭಾವ ಇವನ್ನೆಲ್ಲ ದಾಟಿ ಕೊನೆಗೆ ಜೇನಿಗೆ ಪ್ರಜ್ಞೆಯುಂಟೆ ಎಂಬ ಪ್ರಶ್ನೆಗೆ ಅದು ಬರುತ್ತದೆ. ಓದುಗನನ್ನು ತಯಾರು ಮಾಡದೆ ದೊಡ್ಡ ಪ್ರಶ್ನೆಯನ್ನು ಎತ್ತದಿರುವುದು ಈ ಗ್ರಂಥದ ಶಿಸ್ತು. ಗೂಡೆಂಬ ಸಮೂಹವನ್ನೇ ಜೀವಿಯೆಂದು ಕೊಂಡಾಡಿ ಒಂಟಿ ನೊಣವನ್ನು ಅದರ ಬಿಡಿಭಾಗವೆಂದು ಎಣಿಸುವ ವಾಡಿಕೆಯನ್ನು ಅದು ಬಲವಾಗಿ ಅಲ್ಲಗಳೆಯುತ್ತದೆ. ದಾರಕ್ಕೆ ಕಟ್ಟಿದ ಕೃತಕ ಹೂವನ್ನು ಎಳೆದು ಸಿಹಿ ಪಡೆಯುವುದನ್ನು ಒಂದು ದುಂಬಿ ಕಲಿತರೆ, ಇತರ ದುಂಬಿಗಳು ಅದನ್ನು ನೋಡಿ ಕಲಿಯುತ್ತವೆ. ಸುಮಾರು ಹತ್ತು ಲಕ್ಷ ನರಕೋಶಗಳ, ಸಾಸಿವೆಗಿಂತ ಚಿಕ್ಕದಾದ ಮಿದುಳಿನ ಕೆಲಸ ಇದು. ಮನುಷ್ಯನ ಮಿದುಳಿನಲ್ಲಿ ಇರುವುದು ಸುಮಾರು 8,600 ಕೋಟಿ.

ಆದರೆ ಗ್ರಂಥವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಎರಡು ಆಕ್ಷೇಪಗಳು ಏಳಬೇಕು.

ಮೊದಲನೆಯದು ರಾಸಾಯನಿಕಗಳನ್ನು ಕುರಿತದ್ದು. ಮನುಷ್ಯನಲ್ಲಿರುವ ಡೋಪಮೈನೇ ದುಂಬಿಯಲ್ಲಿಯೂ ಇದೆ. ಮನುಷ್ಯನಲ್ಲಿ ಅದು ಸುಖಕ್ಕೆ ಸಂಬಂಧಿಸಿದ್ದು. ಆದುದರಿಂದ ದುಂಬಿಯಲ್ಲಿಯೂ ಸುಖ — ಇಂಥ ವಾದಸರಣಿಯನ್ನು ಚಿಟ್ಕಾ ಇಷ್ಟು ಬರಡಾಗಿ ಮಂಡಿಸುವುದಿಲ್ಲ. ಆದರೂ ಅವಸರದ ಓದುಗ ಅಲ್ಲಿಗೇ ತಲಪುತ್ತಾನೆ. ಈ ಸರಣಿ ನಿಲ್ಲುವಂಥದಲ್ಲ. ಒಂದು ದ್ರವ್ಯಕ್ಕೆ ಒಂದೇ ಅರ್ಥವೆಂಬುದು ಕೀಟಗಳ ಅಧ್ಯಯನದಲ್ಲಿಯೇ ಸುಳ್ಳಾಗಿದೆ.

1993ರಲ್ಲಿ ಬರ್ಲಿನ್ನಿನ ಮಾರ್ಟಿನ್ ಹಾಮರ್ ಜೇನಿನ ಒಂದೇ ಒಂದು ನರಕೋಶವನ್ನು ಉದ್ದೀಪಿಸಿ, ಸಕ್ಕರೆ ಕೊಡದೆಯೇ ಸಕ್ಕರೆ ಕೊಟ್ಟಂತೆ ವಾಸನೆಯನ್ನು ಕಲಿಸಿದರು. ಆ ನರಕೋಶ ಆಕ್ಟೋಪಮೈನಿನದು. ಹತ್ತು ವರ್ಷಗಳ ಬಳಿಕ ಹಣ್ಣುನೊಣದ ಮೇಲೆ ನಡೆದ ಕೆಲಸ, ಕೀಟಕ್ಕೆ ಆಕ್ಟೋಪಮೈನ್ ಬಹುಮಾನವನ್ನೂ ಡೋಪಮೈನ್ ಶಿಕ್ಷೆಯನ್ನೂ ಕಲಿಸುತ್ತದೆ ಎಂಬ ಅಂದವಾದ ಸೂತ್ರವನ್ನು ಕೊಟ್ಟಿತು. 2012ರಲ್ಲಿ ಎರಡು ತಂಡಗಳು ಅದೇ ಹಣ್ಣುನೊಣದಲ್ಲಿ ಬಹುಮಾನವನ್ನು ಸಾರುವ ಡೋಪಮೈನ್ ನರಕೋಶಗಳನ್ನು ಕಂಡುಕೊಂಡವು, ಸೂತ್ರ ಮುರಿಯಿತು. ಒಂದೇ ಡೋಪಮೈನ್, ಯಾವ ನರಕೋಶದಿಂದ ಹೊರಟು ಯಾವುದನ್ನು ಮುಟ್ಟಿತು ಎಂಬುದರ ಮೇಲೆ, ಸಿಹಿಯ ಪಾಠವನ್ನೂ ಕಹಿಯ ಪಾಠವನ್ನೂ ಕಲಿಸುತ್ತದೆ. ಅಕ್ಷರ ಒಂದೇ ಆದರೂ ಪದ ಬೇರೆಯಾದಾಗ ಅರ್ಥ ಬದಲಾಗುವ ಹಾಗೆ.

ಜೇನುಗೂಡಿನೊಳಗೇ ಇದಕ್ಕೆ ಇನ್ನೂ ಗಂಭೀರವಾದ ನಿದರ್ಶನವಿದೆ. ರಾಣಿನೊಣ ತನ್ನ ದವಡೆಯ ಗ್ರಂಥಿಯಿಂದ ಹೊರಸೂಸುವ ಮಿಶ್ರಣದಲ್ಲಿ ಡೋಪಮೈನಿಗೆ ರಚನೆಯಲ್ಲಿ ಹತ್ತಿರವಾದ ಒಂದು ಅಂಶವಿದೆ. ರಾಣಿಯ ಆಸುಪಾಸಿನ ಎಳೆಯ ಕೆಲಸಗಾರ್ತಿಯರ ಮಿದುಳಿನಲ್ಲಿ ಅದು ಡೋಪಮೈನನ್ನು ತಗ್ಗಿಸುತ್ತದೆ. 2007ರಲ್ಲಿ ನ್ಯೂಜಿಲೆಂಡಿನ ಅಲಿಸನ್ ಮರ್ಸರ್ ಅವರ ತಂಡ ತೋರಿಸಿದಂತೆ, ಈ ಮಿಶ್ರಣಕ್ಕೆ ಒಡ್ಡಿದ ಎಳೆಯ ನೊಣಗಳು ನೋವಿನಿಂದ ಕಲಿಯಬೇಕಾದ ಪಾಠವನ್ನು ಕಲಿಯುವುದಿಲ್ಲ. ಸಿಹಿಯ ಪಾಠವನ್ನು ಮಾತ್ರ ಎಂದಿನಂತೆ ಕಲಿಯುತ್ತವೆ. ರಾಣಿಯ ಸೇವೆಯಲ್ಲಿ ನಿಲ್ಲಬೇಕಾದವರಿಗೆ ಅದರ ಬಗ್ಗೆ ವಿಮುಖತೆ ಹುಟ್ಟದಂತೆ ಗೂಡು ಮಾಡಿಕೊಂಡಿರುವ ಏರ್ಪಾಡು ಇದೆಂದು ಊಹಿಸಲಾಗಿದೆ. ಇದನ್ನು ಭಕ್ತಿಯೆಂದು ಕರೆಯುವುದೇ, ದಾಸ್ಯವೆಂದು ಕರೆಯುವುದೇ? ಎರಡೂ ಮನುಷ್ಯನ ಮಾತುಗಳು. ನೊಣದ ಮಿದುಳಿನಲ್ಲಿ ಅಳೆಯಲಾದದ್ದು ಡೋಪಮೈನ್ ಒಂದೇ.

ಈ ಆಕ್ಷೇಪದಿಂದ ಯಂತ್ರವಾದಿಗೆ ಗೆಲುವು ದೊರೆಯಿತೆಂದು ತಿಳಿಯಬಾರದು. ‘ಎಲ್ಲವೂ ರಾಸಾಯನಿಕ, ಆದುದರಿಂದ ಅನುಭವವಿಲ್ಲ’ ಎಂಬ ಮಾತು ಇದಕ್ಕಿಂತ ದುರ್ಬಲ. ಮನುಷ್ಯನ ದುಃಖಕ್ಕೂ ರಾಸಾಯನಿಕ ಆಧಾರವಿದೆ. ವೈದ್ಯರು ಕೊಡುವ ಮಾತ್ರೆಗಳು ಸೆರೊಟೋನಿನ್ನಿನ ಮೇಲೆ ಕೆಲಸ ಮಾಡುತ್ತವೆ. ಅದರಿಂದ ಆ ದುಃಖ ಸುಳ್ಳೆಂದು ಯಾರೂ ಹೇಳುವುದಿಲ್ಲ. ಕಾರಣ ತಿಳಿದ ಮಾತ್ರಕ್ಕೆ ಅನುಭವ ಅಳಿದುಹೋಗುವುದಾದರೆ ಮೊದಲು ಅಳಿಯಬೇಕಾದದ್ದು ಮನುಷ್ಯನದೇ. ರಸಾಯನಶಾಸ್ತ್ರ ಕೀಟದಲ್ಲಿ ಅನುಭವವಿದೆಯೆಂದು ಸಾಧಿಸದು, ಇಲ್ಲವೆಂದೂ ಸಾಧಿಸದು; ಮನುಷ್ಯನಿಗೂ ಕೀಟಕ್ಕೂ ನಡುವೆ ಕಲ್ಪಿಸಿಕೊಂಡಿದ್ದ ಗೋಡೆಯ ಎತ್ತರವನ್ನು ತಗ್ಗಿಸುತ್ತದೆ. 2024ರ ಏಪ್ರಿಲಿನಲ್ಲಿ ಅನೇಕ ವಿಜ್ಞಾನಿಗಳೂ ತತ್ತ್ವಜ್ಞರೂ ಸಹಿ ಹಾಕಿದ ನ್ಯೂಯಾರ್ಕ್ ಘೋಷಣೆ ನಿಂತಿರುವುದೂ ಇಲ್ಲಿಯೇ. ಕೀಟಗಳಲ್ಲಿಯೂ ಪ್ರಜ್ಞೆಯ ಅನುಭವವಿರುವ ವಾಸ್ತವ ಸಂಭವನೀಯತೆಯುಂಟು, ಅದನ್ನು ಕಡೆಗಣಿಸುವುದು ಹೊಣೆಗೇಡಿತನ ಎಂಬುದು ಅದರ ತಾತ್ಪರ್ಯ.

ಎರಡನೆಯ ಆಕ್ಷೇಪ ನೀತಿಗೆ ಸಂಬಂಧಿಸಿದ್ದು. ಗ್ರಂಥಕರ್ತನ ದೋಷವೆನ್ನುವುದಕ್ಕಿಂತ ವಿಷಯದ ಮಿತಿಯೆನ್ನಬಹುದು. ಜೇನು ಕಲಿಯುತ್ತದೆ, ನೆನೆಯುತ್ತದೆ, ಇತರರನ್ನು ನೋಡಿ ಅನುಕರಿಸುತ್ತದೆ ಎಂದು ಓದುತ್ತ ಹೋದಂತೆ ಅದರ ಮೇಲಿನ ಗೌರವ ಬೆಳೆಯುತ್ತದೆ. ಆದರೆ ಆ ಗೌರವ ಜಾಣತನಕ್ಕೆ ಸಲ್ಲುವ ಬಹುಮಾನವಾಗಿಬಿಡುವ ಅಪಾಯವಿದೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ದುಂಬಿಗೆ ಕರುಣೆ ದೊರೆತರೆ, ಎಲೆ ತಿನ್ನುವುದೊಂದನ್ನೇ ಬಲ್ಲ ರೇಷ್ಮೆಹುಳುವಿನ ಗತಿಯೇನು? ಬೆಳೆಗೆ ಬೀಳುವ ಮಿಡತೆಯದೇನು? ಕೊಪೆಚ್ ಕಂಡ ಕಂಬಳಿಹುಳುವಿನ ಮಿದುಳೂ ದುಂಬಿಯ ಮಿದುಳೂ ಆಡುವ ರಾಸಾಯನಿಕ ಭಾಷೆ ಬಹುಮಟ್ಟಿಗೆ ಒಂದೇ.

ಪರಂಪರೆಯ ಮುಂದೆ ಈ ವಿಷಯ

ಇಂಥ ಸಂಶೋಧನೆಗಳನ್ನು ಕಂಡೊಡನೆ, ಇದನ್ನು ಆಗಮಗಳು ಎಂದೋ ಹೇಳಿದ್ದವು ಎಂದು ಸಾರುವ ಉತ್ಸಾಹ ಅಲ್ಲಲ್ಲಿ ಕಾಣುತ್ತದೆ. ಡೋಪಮೈನೇ ಕರ್ಮಪುದ್ಗಲವೆಂದು ಹೇಳುವವರೂ ಉಂಟು. ಈ ಉತ್ಸಾಹ ಎರಡು ಕಡೆಗೂ ಅನ್ಯಾಯ ಮಾಡುತ್ತದೆ. ಕರ್ಮಪುದ್ಗಲ ಇಂದ್ರಿಯಗಳಿಗೆ ನಿಲುಕದಷ್ಟು ಸೂಕ್ಷ್ಮವೆಂಬುದು ಶಾಸ್ತ್ರದ ನಿಲುವು; ಡೋಪಮೈನನ್ನು ತಕ್ಕಡಿಯಲ್ಲಿ ತೂಗಬಹುದು, ಸೀಸೆಯಲ್ಲಿ ತುಂಬಿ ಮಾರಬಹುದು. ನಾಳೆ ವಿಜ್ಞಾನದ ಸೂತ್ರ ಮುರಿದರೆ, 2012ರಲ್ಲಿ ಒಂದು ಮುರಿದ ಹಾಗೆ, ಅದಕ್ಕೆ ಕಟ್ಟಿದ ಸಿದ್ಧಾಂತವೂ ಜೊತೆಯಲ್ಲಿ ಬೀಳಬೇಕಾಗುತ್ತದೆ.

ಹೊಂದದಿರುವ ಸಂಗತಿಗಳನ್ನು ಹೊಂದುವುದಿಲ್ಲವೆಂದೇ ಒಪ್ಪಿಕೊಳ್ಳುವುದು ಹೆಚ್ಚು ಗೌರವದ ದಾರಿ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ಕೃಮಿ, ಇರುವೆ, ದುಂಬಿ, ಮನುಷ್ಯ ಎಂಬ ಕ್ರಮದಲ್ಲಿ ಇಂದ್ರಿಯಗಳನ್ನು ಒಂದೊಂದಾಗಿ ಏರಿಸುತ್ತದೆ. ದುಂಬಿ ನಾಲ್ಕು ಇಂದ್ರಿಯಗಳ ಜೀವ. ಕಿವಿಯೂ ಮನಸ್ಸೂ ಅದಕ್ಕಿಲ್ಲ. ಇಂದಿನ ಅಧ್ಯಯನದಂತೆ ಜೇನು ತನ್ನ ಮೀಸೆಗಳಿಂದ ಗಾಳಿಯ ಕಂಪನವನ್ನು ಗ್ರಹಿಸುತ್ತದೆ. ಚಿಮ್ಮಂಡೆಗೆ ಮುಂಗಾಲಿನಲ್ಲಿ ಕಿವಿಯಿದೆ. ದುಂಬಿ ನೋಡಿ ಕಲಿಯುತ್ತದೆ. ಶಾಸ್ತ್ರ ಹೇಳುವ ಮನಸ್ಸು ಹಿತಾಹಿತಗಳನ್ನು ವಿವೇಚಿಸುವ ಶಕ್ತಿ. ಸಂಶೋಧಕ ಹೇಳುವ ಕಲಿಕೆ ಅದೇ ಅಲ್ಲ. ಎರಡೂ ಒಂದೇ ಎಂದು ಒತ್ತಾಯಿಸಬೇಕಾಗಿಲ್ಲ, ಒಂದನ್ನು ಇನ್ನೊಂದರಿಂದ ಅಲ್ಲಗಳೆಯಬೇಕಾಗಿಯೂ ಇಲ್ಲ. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಎಲ್ಲ ಸಂಸಾರಿ ಜೀವಗಳಿಗೂ ಇವೆಯೆಂದು ಹೇಳಿದ ಪರಂಪರೆ, ಕೀಟದ ಭಯವನ್ನು ನಂಬಲು ಪ್ರಯೋಗಾಲಯಕ್ಕಾಗಿ ಕಾಯಲಿಲ್ಲ.

ಹೆಚ್ಚು ಮುಖ್ಯವಾದದ್ದು ಹಿಂಸೆಯ ಲಕ್ಷಣ. ಅದೇ ಸೂತ್ರಗ್ರಂಥದ ಏಳನೆಯ ಅಧ್ಯಾಯದಲ್ಲಿ ಹಿಂಸೆಗೆ ಮೂಲವಾಗಿ ಹೇಳಿರುವುದು ಪ್ರಮಾದ: ಅಜಾಗರೂಕವಾದ, ಕಷಾಯಕ್ಕೆ ವಶವಾದ ನಡೆ. ಅಲ್ಲಿ ಪ್ರಶ್ನೆ ಕೇಳುವುದು ಕೊಲ್ಲುವವನನ್ನು. ಸಾಯುವ ಜೀವಿ ತನಗೆ ನೋವಾಗುತ್ತದೆಂದು ಪ್ರಮಾಣ ಒದಗಿಸಬೇಕಾಗಿಲ್ಲ. ಜಾಣತನವನ್ನು ಸಾಧಿಸಿ ತೋರಿಸಿದ ಮೇಲೆ ಕರುಣೆ ಎಂಬ ಷರತ್ತು ಇಲ್ಲಿ ಬೀಳುವುದಿಲ್ಲ. ಚಿಟ್ಕಾ ಅವರ ಗ್ರಂಥಕ್ಕೆ ಸಲ್ಲಬೇಕಾದ ಪೂರಕ ವಿಚಾರ ಇದು.

ಹಾಗಾದರೆ ಈ ಸಂಶೋಧನೆಯಿಂದ ನೀತಿಗೆ ಪ್ರಯೋಜನವೇ ಇಲ್ಲವೆ? ಉಂಟು. ತಿಳಿವಳಿಕೆ ಹೆಚ್ಚಿದಷ್ಟೂ ಪ್ರಮಾದದ ಎಲ್ಲೆ ವಿಸ್ತಾರವಾಗುತ್ತದೆ. ಗೊತ್ತಿಲ್ಲದೆ ಮಾಡಿದ್ದು ಎಂಬ ಸಮಾಧಾನ ಗೊತ್ತಾದ ಮೇಲೆ ಉಳಿಯದು.

ತಿಳಿದ ಮೇಲಿನ ಹೊಣೆ

ಕೀಟದ ಮಿದುಳಿನ ರಸಾಯನಶಾಸ್ತ್ರವನ್ನು ಅತ್ಯಂತ ಚೆನ್ನಾಗಿ ಬಳಸಿಕೊಂಡವರು ಕೀಟನಾಶಕಗಳ ತಯಾರಕರು. ಕೀಟದ ಮಿದುಳಿನಲ್ಲಿ ಸಂದೇಶ ಒಯ್ಯುವ ಮುಖ್ಯ ದ್ರವ್ಯಗಳಲ್ಲಿ ಒಂದು ಅಸಿಟೈಲ್‌ಕೋಲಿನ್. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಮ್ ಮೊದಲಾದ ನಿಯೋನಿಕೋಟಿನಾಯ್ಡ್ ಔಷಧಗಳು ಅದೇ ದ್ರವ್ಯ ಕೂರುವ ಜಾಗದಲ್ಲಿ ತಾವು ಕೂತು ನರಕೋಶವನ್ನು ಉದ್ರೇಕಿಸುತ್ತವೆ. ಬೆಳೆಯ ಕೀಟ ಸಾಯುತ್ತದೆ. ಸಾಯದಷ್ಟು ಕಡಿಮೆ ಪ್ರಮಾಣ ಹೂವಿನ ಮಕರಂದದಲ್ಲಿಯೂ ಪರಾಗದಲ್ಲಿಯೂ ಸೇರಿ ಜೇನಿಗೆ ತಲಪುತ್ತದೆ.

2012ರಲ್ಲಿ ಒಂದೇ ಹೊತ್ತಿಗೆ ಎರಡು ಅಧ್ಯಯನಗಳು ಪ್ರಕಟವಾದವು. ಫ್ರಾನ್ಸಿನಲ್ಲಿ ಥಯಾಮೆಥಾಕ್ಸಮ್ ಉಂಡ ಜೇನುನೊಣಗಳಲ್ಲಿ ಅನೇಕವು ಗೂಡಿಗೆ ಮರಳಲಿಲ್ಲ. ಬ್ರಿಟನ್ನಿನಲ್ಲಿ ಇಮಿಡಾಕ್ಲೋಪ್ರಿಡ್ ತಗುಲಿದ ಬಂಬಲ್‌ಬೀ ಗೂಡುಗಳಲ್ಲಿ ಹೊಸ ರಾಣಿಯರ ಸಂಖ್ಯೆ ಶೇಕಡ 85ರಷ್ಟು ಇಳಿಯಿತು. 2015ರಲ್ಲಿ, ಹಿಂದೆ ಜೇನನ್ನು ಕುಲುಕಿದ ಪ್ರಯೋಗದಲ್ಲಿದ್ದ ಜೆರಾಲ್ಡಿನ್ ರೈಟ್ ಅವರ ತಂಡವೇ ಇನ್ನೂ ಕಳವಳಕಾರಿಯಾದ ಸಂಗತಿಯನ್ನು ಹೊರಗೆಡಹಿತು: ಜೇನಿಗೂ ದುಂಬಿಗೂ ಈ ವಿಷಗಳ ರುಚಿ ತಿಳಿಯುವುದಿಲ್ಲ, ಬರಿಯ ಸಕ್ಕರೆ ದ್ರಾವಣಕ್ಕಿಂತ ವಿಷ ಬೆರೆತ ದ್ರಾವಣವನ್ನೇ ಅವು ಹೆಚ್ಚು ಕುಡಿಯುತ್ತವೆ. ಸಾಯಿಸುವುದು ಒಂದು, ಆಯ್ಕೆಯ ಶಕ್ತಿಯನ್ನೇ ದಾರಿತಪ್ಪಿಸುವುದು ಮತ್ತೊಂದು. ಯೂರೋಪಿನ ಒಕ್ಕೂಟ ಈ ಎರಡನ್ನೂ ಒಳಗೊಂಡ ಮೂರು ಔಷಧಗಳನ್ನು ಬಯಲಿನಲ್ಲಿ ಬಳಸದಂತೆ 2018ರಲ್ಲಿ ನಿಷೇಧಿಸಿತು. ಭಾರತದಲ್ಲಿ ಅವು ಬ���ಕೆಯಲ್ಲಿವೆ.

ಕೀಟವನ್ನು ಕಂಡರೆ ಕಾಲೆತ್ತಿ ದಾಟುವ, ನೀರನ್ನು ಸೋಸಿ ಕುಡಿಯುವ, ಜೇನುತುಪ್ಪವನ್ನು ತ್ಯಜಿಸಿದ ಮನೆಗಳು ಈ ಸಂಗತಿಯ ಮುಂದೆ ನಿಲ್ಲಬೇಕಾಗಿದೆ. ವ್ರತ ಕಣ್ಣಿಗೆ ಕಾಣುವ ಜೀವಹಾನಿಯನ್ನು ತಡೆಯುತ್ತದೆ. ಆದರೆ ಅದೇ ಮನೆತನದ ತೋಟಕ್ಕೆ, ಅಥವಾ ಬಸದಿಯ ಆಡಳಿತ ಮಂಡಳಿ ಗೇಣಿಗೆ ಕೊಟ್ಟ ಜಮೀನಿಗೆ, ಹೂ ಬಿಟ್ಟ ದಿನಗಳಲ್ಲಿ ಯಾವ ಔಷಧ ಸಿಂಪಡಿಸಲಾಗುತ್ತದೆ ಎಂದು ಕೇಳುವವರು ವಿರಳ. ಕರಾರಿನಲ್ಲಿ ಅದಕ್ಕೊಂದು ಸಾಲು ಸೇರಿಸುವುದು ಕಷ್ಟವೇನಲ್ಲ. ಗೋಪುರದ ಮಗ್ಗುಲಲ್ಲಿ ಹೆಜ್ಜೇನು ಕಟ್ಟಿದಾಗ ರಾತ್ರಿ ಬೆಂಕಿ ಹಿಡಿಸುವ ಅಥವಾ ಔಷಧ ಹೊಡೆಸುವ ಬದಲು, ಜನಸಂಚಾರವನ್ನು ಕೆಲಕಾಲ ಬೇರೆ ಬಾಗಿಲಿಗೆ ತಿರುಗಿಸಬಹುದು. ಹೆಜ್ಜೇನು ಋತು ಮುಗಿದ ಮೇಲೆ ತಾನಾಗಿ ವಲಸೆ ಹೋಗುತ್ತದೆ. ಉತ್ಸವದ ರಾತ್ರಿ ಉರಿಯುವ ಪ್ರಖರ ದೀಪಗಳ ಕೆಳಗೆ ಬೆಳಗ್ಗೆ ಗುಡಿಸುವಾಗ ಸಿಗುವ ಪತಂಗಗಳ ರಾಶಿಯೂ ಲೆಕ್ಕಕ್ಕೆ ಬರಬೇಕು.

ರೇಷ್ಮೆಯ ವಿಷಯ ಇನ್ನೂ ಸಮೀಪದ್ದು. ದೇಶದಲ್ಲಿ ಹೆಚ್ಚು ರೇಷ್ಮೆ ಬೆಳೆಯುವ ನಾಡು ಕರ್ನಾಟಕ. ಸಾವಿರಾರು ರೈತ ಕುಟುಂಬಗಳ ಅನ್ನ ಅದರಲ್ಲಿದೆ. ಆ ಕುಟುಂಬಗಳನ್ನು ದೂಷಿಸುವುದು ಸುಲಭ ಮತ್ತು ಅನ್ಯಾಯ. ಪೂಜೆಗೆ ಮಡಿಯೆಂದು ರೇಷ್ಮೆ ಉಡುವ ಕೈಗಳು ಮಾತ್ರ, ನೂಲು ತುಂಡಾಗದಿರಲೆಂದು ಗೂಡಿನೊಳಗಿನ ಕೋಶವನ್ನು ಬಿಸಿಯಲ್ಲಿ ಸಾಯಿಸಲಾಗುತ್ತದೆ ಎಂಬುದನ್ನು ನೆನೆಯಬೇಕು. ಮಿದುಳು ಆಜ್ಞೆ ಕೊಟ್ಟು, ಗ್ರಂಥಿ ಅದನ್ನು ಪಾಲಿಸಿ, ರೆಕ್ಕೆ ಮೂಡುವ ಕೆಲಸ ನಡೆದಿರುವಾಗಲೇ ಅದು ನಿಲ್ಲುತ್ತದೆ.

ಚಿಟ್ಕಾ ಮತ್ತು ಸಂಗಡಿಗರ ಬರವಣಿಗೆ ಓದತಕ್ಕದ್ದು. ಅದರ ದೋಷ ಹೆಚ್ಚಾಗಿ ಅವಸರದ ಓದಿನ ದೋಷ. ಅದರ ಗುಣ, ತಿಳಿಯದುದನ್ನು ತಿಳಿದಂತೆ ಹೇಳದಿರುವುದು. ದುಂಬಿಗೆ ಸಂತೋಷವಾಗುತ್ತದೆಯೆ ಎಂಬ ಪ್ರಶ್ನೆ ಇನ್ನೂ ಕೆಲವು ಕಾಲ ‘ಸದೃಶ’ ಎಂಬ ಪ್ರತ್ಯಯದ ಹಿಂದೆಯೇ ನಿಂತಿರಲಿ. ಹೂ ಬಿಟ್ಟ ಹೊಲಕ್ಕೆ ಔಷಧದ ಡಬ್ಬಿ ಹೊತ್ತು ನಡೆಯುವವನು ನಿಲ್ಲಲು ಆ ಪ್ರಶ್ನೆ ಇತ್ಯರ್ಥವಾಗಬೇಕಾಗಿಲ್ಲ.